ಒಂದು ಫೈಲ್ ತಿದ್ದಿದ್ರೆ ಇನ್ನೊಂದೂ ಬದಲಾಗ್ತಿದೆ, ಆದ್ರೆ ಸಿಮ್‌ಲಿಂಕ್ ಅಲ್ಲ. ಡಿಸ್ಕ್ ಕೆಟ್ಟಿದೆಯಾ?

ಹಳೇಸರ್ವರ್
ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ನನ್ನ ಉಸ್ತುವಾರಿಗೆ ಬಂದ ಒಂದು ಲಿನಕ್ಸ್ ಸರ್ವರ್‌ನಲ್ಲಿ 'ಲೈವ್' ಮತ್ತು 'ಟೆಸ್ಟ್' ಅಂತ ಒಂದೇ ಅಪ್ಲಿಕೇಶನ್‌ನ ಎರಡು ಫೋಲ್ಡರ್ ಇವೆ. ಎರಡರಲ್ಲೂ 'ಸೆಟ್ಟಿಂಗ್ಸ್.ಕಾನ್ಫ್' ಅನ್ನೋ ಫೈಲ್ ಇದೆ. ಟೆಸ್ಟ್‌ನಲ್ಲಿರೋದನ್ನ ನ್ಯಾನೋ ಎಡಿಟರ್‌ನಲ್ಲಿ ತೆರೆದು ಡೇಟಾಬೇಸ್ ಹೆಸರು ಬದಲಿಸಿ ಸೇವ್ ಮಾಡಿದೆ. ರಾತ್ರಿ ಲೈವ್ ರೀಸ್ಟಾರ್ಟ್ ಆದಮೇಲೆ ಅದೂ ಟೆಸ್ಟ್ ಡೇಟಾಬೇಸಿಗೇ ಬರೆಯೋಕೆ ಶುರು ಮಾಡಿದೆ! ನೋಡಿದ್ರೆ ಲೈವ್‌ನ ಫೈಲ್‌ನಲ್ಲೂ ನಾನು ಟೈಪ್ ಮಾಡಿದ ಸಾಲೇ ಕೂತಿದೆ.

'ಎಲ್‌ಎಸ್ -ಎಲ್' ಕೊಟ್ಟರೆ ಬಾಣದ ಗುರುತು ಇಲ್ಲ, ಹಾಗಾಗಿ ಸಿಮ್‌ಲಿಂಕ್ ಅಲ್ಲ. ಸಿಂಕ್ ಮಾಡೋ ಪ್ರೋಗ್ರಾಂ ಯಾವುದೂ ಓಡ್ತಿಲ್ಲ. ಇನ್ನೂ ಗೊಂದಲ ಏನಂದ್ರೆ, ಅದೇ ಫೋಲ್ಡರಿನ 'ಲಾಗಿಂಗ್.ಕಾನ್ಫ್' ಫೈಲನ್ನ 'ಸೆಡ್ -ಐ' ಕಮಾಂಡ್‌ನಿಂದ ಬದಲಿಸಿದ್ದೆ, ಅದು ಮಾತ್ರ ಟೆಸ್ಟ್‌ನಲ್ಲಷ್ಟೇ ಬದಲಾಗಿದೆ, ಲೈವ್‌ನಲ್ಲಿ ಹಳೇದೇ ಇದೆ. ಫೈಲ್ ಸಿಸ್ಟಂ ಇಎಕ್ಸ್‌ಟಿ4. ಫೈಲ್ ಸಿಸ್ಟಂ ಪರೀಕ್ಷಿಸಿ ರಿಪೇರಿ ಮಾಡೋ ಎಫ್‌ಎಸ್‌ಸಿಕೆ ಓಡಿಸಲಾ?

ಬಿಟ್‌ಬೈಟ್
ಓಡಿಸಿಬಿಡಿ. ಎರಡು ಫೈಲ್ ಒಂದೇ ಬ್ಲಾಕಿಗೆ ಕೈ ಹಾಕಿರುತ್ತೆ, ಮೆಟಾಡೇಟಾ ಕೆಟ್ಟಾಗ ಹೀಗೇ ಆಗೋದು.

ಟರ್ಮಿನಲ್‌ಪ್ರಿಯೆ
ದಯವಿಟ್ಟು ಓಡಿಸಬೇಡಿ! ಮೌಂಟ್ ಆಗಿ ಬಳಕೆಯಲ್ಲಿರೋ ಇಎಕ್ಸ್‌ಟಿ4 ಮೇಲೆ ರಿಪೇರಿಗೆ ಇಳಿದ್ರೆ ಚೆನ್ನಾಗಿರೋ ಡಿಸ್ಕೂ ಹಾಳಾಗುತ್ತೆ. ಕರ್ನಲ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರೋ ಲೆಕ್ಕವೇ ಬೇರೆ, ಎಫ್‌ಎಸ್‌ಸಿಕೆ ಡಿಸ್ಕಿನಲ್ಲಿ ತಿದ್ದೋ ಲೆಕ್ಕವೇ ಬೇರೆ ಆಗಿಬಿಡುತ್ತೆ.

ಮೊದಲು ಎರಡೂ ಫೈಲಿಗೆ 'ಸ್ಟ್ಯಾಟ್' ಕಮಾಂಡ್ ಕೊಟ್ಟು ಬಂದದ್ದನ್ನ ಇಲ್ಲಿ ಹಾಕಿ. ಡಿವೈಸ್, ಇನೋಡ್, ಲಿಂಕ್ಸ್, ಈ ಮೂರು ಸಂಖ್ಯೆ ನೋಡದೆ ಯಾರು ಏನೇ ಹೇಳಿದ್ರೂ ಅದು ಊಹೆಯೇ. ನನಗೆ ಹಾರ್ಡ್‌ಲಿಂಕ್ ಅನ್ನಿಸ್ತಿದೆ.

ಮೊದಲಪಾಠ
ಹಾರ್ಡ್‌ಲಿಂಕ್ ಅಂದ್ರೆ ಸಿಮ್‌ಲಿಂಕ್ ಥರಾನೇ ಅಲ್ವಾ ಮೇಡಂ? ಬಾಣ ಯಾಕೆ ಕಾಣಲ್ಲ?

ಟರ್ಮಿನಲ್‌ಪ್ರಿಯೆ
@ಮೊದಲಪಾಠ ಅಲ್ಲ. ಸಿಮ್‌ಲಿಂಕ್ ಅಂದ್ರೆ ಒಂದು ಪುಟ್ಟ ಬೇರೆ ಫೈಲ್, ಅದರೊಳಗೆ 'ಇಂಥ ದಾರಿಗೆ ಹೋಗು' ಅಂತ ಬರೆದಿರುತ್ತೆ. ಅದಕ್ಕೇ ಬಾಣ ತೋರಿಸೋಕೆ ಆಗೋದು. ಹಾರ್ಡ್‌ಲಿಂಕ್‌ನಲ್ಲಿ ಮೂಲ, ನಕಲು ಅನ್ನೋ ಭೇದವೇ ಇಲ್ಲ. ಫೈಲಿನ ಒಡಲು ಡಿಸ್ಕಿನಲ್ಲಿ ಎಲ್ಲಿದೆ ಅನ್ನೋದು, ಅನುಮತಿ, ಮಾಲೀಕ, ಸಮಯ ಎಲ್ಲ ಇರೋದು ಇನೋಡ್ ಅನ್ನೋ ದಾಖಲೆಯಲ್ಲಿ. ಡೈರೆಕ್ಟರಿಯಲ್ಲಿ ಇರೋದು ಬರೀ ಹೆಸರು ಮತ್ತು ಇನೋಡ್ ಸಂಖ್ಯೆ. ಎರಡು ಹೆಸರು ಒಂದೇ ಸಂಖ್ಯೆ ಹಿಡಿದಿದ್ರೆ ಎರಡೂ ಸಮಾನ ಹಕ್ಕಿನ ಹೆಸರುಗಳು. ಒಂದನ್ನ 'ಆರ್‌ಎಂ' ಮಾಡಿದ್ರೆ ಇನ್ನೊಂದು ಹಾಗೇ ಉಳಿಯುತ್ತೆ. ಹೆಸರುಗಳ ಎಣಿಕೆ, ಅಂದ್ರೆ 'ಲಿಂಕ್ಸ್', ಸೊನ್ನೆಗೆ ಇಳಿದು, ಯಾವ ಪ್ರೋಗ್ರಾಮೂ ತೆರೆದಿಟ್ಟುಕೊಂಡಿಲ್ಲ ಅಂದಾಗ ಮಾತ್ರ ಜಾಗ ಖಾಲಿ ಆಗೋದು.

ಹಳೇಸರ್ವರ್
ಸ್ಟ್ಯಾಟ್ ಕೊಟ್ಟೆ. ಬೇಕಾದ ಸಾಲುಗಳು ಇವು:

ಲೈವ್/ಸೆಟ್ಟಿಂಗ್ಸ್.ಕಾನ್ಫ್: ಇನೋಡ್ 2621847, ಲಿಂಕ್ಸ್ 3
ಟೆಸ್ಟ್/ಸೆಟ್ಟಿಂಗ್ಸ್.ಕಾನ್ಫ್: ಇನೋಡ್ 2621847, ಲಿಂಕ್ಸ್ 3

ಡಿವೈಸೂ ಒಂದೇ. ಬದಲಾವಣೆಯ ಸಮಯ ಸೆಕೆಂಡಿನ ಮುಂದಿನ ಒಂಬತ್ತೂ ಅಂಕಿ ಸೇರಿ ಹೊಂದುತ್ತೆ. ಲಾಗಿಂಗ್.ಕಾನ್ಫ್‌ಗೆ ಮಾತ್ರ ಎರಡು ಕಡೆ ಬೇರೆ ಬೇರೆ ಇನೋಡ್. ಟೆಸ್ಟ್‌ನದಕ್ಕೆ ಲಿಂಕ್ಸ್ 1, ಲೈವ್‌ನದಕ್ಕೆ 2.

ಟರ್ಮಿನಲ್‌ಪ್ರಿಯೆ
ಹಾಗಿದ್ರೆ ಖಚಿತ, ಹಾರ್ಡ್‌ಲಿಂಕೇ. ಡಿಸ್ಕ್ ಚೆನ್ನಾಗಿದೆ. ಸೆಡ್ ಗೊಂದಲವೂ ಇದರಿಂದಲೇ ಬಿಡಿಸಿಕೊಳ್ಳುತ್ತೆ. 'ಸೆಡ್ -ಐ' ಇರೋ ಫೈಲಿನ ಒಳಗೆ ಬರೆಯೋದಿಲ್ಲ. ಪಕ್ಕದಲ್ಲಿ ಹೊಸ ತಾತ್ಕಾಲಿಕ ಫೈಲ್ ಬರೆದು, ಅದಕ್ಕೆ ಹಳೇ ಹೆಸರು ಕೊಡುತ್ತೆ. ಹೆಸರು ಅದೇ, ಇನೋಡ್ ಹೊಸದು, ಅಲ್ಲಿಗೆ ಲಿಂಕ್ ಕಳಚಿತು. ನ್ಯಾನೋ ಹಾಗಲ್ಲ, ಇರೋ ಇನೋಡನ್ನೇ ಖಾಲಿ ಮಾಡಿ ಅದರೊಳಗೇ ಬರೆಯುತ್ತೆ, ಎಲ್ಲ ಹೆಸರಿಗೂ ಹೊಸ ಒಡಲೇ ಕಾಣುತ್ತೆ. ಶೆಲ್‌ನ '>' ಮತ್ತು '>>' ಕೂಡ ಹಾಗೇ.

ಆದ್ರೆ ನನಗೆ ಭಯ ಹುಟ್ಟಿಸ್ತಿರೋದು ಆ 3. ಮೂರನೇ ಹೆಸರು ಎಲ್ಲಿದೆ? ಆ ಪಾರ್ಟಿಶನ್‌ನ ಮೌಂಟ್ ಪಾಯಿಂಟ್‌ನಿಂದ ಹುಡುಕಿ: 'ಫೈಂಡ್ <ಮೌಂಟ್ ಪಾಯಿಂಟ್> -ಎಕ್ಸ್‌ಡೆವ್ -ಸೇಮ್‌ಫೈಲ್ <ಫೈಲ್>'. ಹಾರ್ಡ್‌ಲಿಂಕ್ ಬೇರೆ ಫೈಲ್ ಸಿಸ್ಟಂಗೆ ದಾಟೋದಿಲ್ಲ, ಹಾಗಾಗಿ ಅಷ್ಟರೊಳಗೇ ಸಿಗಲೇಬೇಕು.

ಬಿಟ್‌ಬೈಟ್
ಸರಿ, ಇಲ್ಲಿ ಹಾರ್ಡ್‌ಲಿಂಕ್ ಅಂತ ಒಪ್ಪಿದೆ. ಆದ್ರೆ ವಿಮ್ ಎಡಿಟರ್ ಬಳಸಿದ್ರೆ ಈ ಕಷ್ಟವೇ ಇರ್ತಿರಲಿಲ್ಲ, ಅದು ಯಾವಾಗ್ಲೂ ಹೊಸ ಫೈಲ್ ಬರೆದು ಹೆಸರು ಬದಲಿಸುತ್ತೆ.

ಕರ್ನಲ್‌ಕಿಟಕಿ
@ಬಿಟ್‌ಬೈಟ್ ಅದು ತಪ್ಪು. ವಿಮ್‌ನಲ್ಲಿ 'ಬ್ಯಾಕಪ್‌ಕಾಪಿ' ಅನ್ನೋ ಆಯ್ಕೆ ಇದೆ, ಯೂನಿಕ್ಸ್‌ನಲ್ಲಿ ಸಾಮಾನ್ಯವಾಗಿ 'ಆಟೋ' ಇರುತ್ತೆ. ಫೈಲಿಗೆ ಲಿಂಕ್ ಇದೆ ಅಂತ ಕಂಡ್ರೆ ಅದು ಲಿಂಕ್ ಉಳಿಸೋ ದಾರಿಯನ್ನೇ ಹಿಡಿಯುತ್ತೆ, ಅಂದ್ರೆ ಅದೇ ಇನೋಡ್‌ಗೆ ಬರೆಯುತ್ತೆ. ಕಳಚಲೇಬೇಕು ಅಂದ್ರೆ ಆ ಆಯ್ಕೆಗೆ 'ಬ್ರೇಕ್‌ಹಾರ್ಡ್‌ಲಿಂಕ್' ಸೇರಿಸಬೇಕು. ಈಮ್ಯಾಕ್ಸ್‌ದು ಉಲ್ಟಾ: ಮೊದಲ ಸಲ ಸೇವ್ ಮಾಡುವಾಗ ಹಳೇ ಫೈಲನ್ನ ಬ್ಯಾಕಪ್ ಹೆಸರಿಗೆ ತಳ್ಳಿ ಹೊಸದು ಬರೆಯುತ್ತೆ, ಹಾಗಾಗಿ ಉಳಿದ ಹೆಸರುಗಳಲ್ಲಿ ಹಳೇ ಒಡಲೇ ಇರುತ್ತೆ. ಎಡಿಟರ್ ನಂಬಿಕೊಂಡು ಇದನ್ನ ನಿಭಾಯಿಸೋಕೆ ಆಗಲ್ಲ.

ಬಿಟ್‌ಬೈಟ್
ಬ್ಯಾಕಪ್‌ಕಾಪಿ ವಿಷಯ ಗೊತ್ತಿರಲಿಲ್ಲ. ಈಗ ಒಂದು ಪರೀಕ್ಷಾ ಫೈಲಿನ ಮೇಲೆ ಮಾಡಿ ನೋಡಿದೆ, ಇನೋಡ್ ಹಾಗೇ ಉಳೀತು. ಥ್ಯಾಂಕ್ಸ್.

ಹಳೇಸರ್ವರ್
ಮೂರನೇದು ಸಿಕ್ತು. ಬ್ಯಾಕಪ್ ಫೋಲ್ಡರಿನಲ್ಲಿದೆ. ಅದೇ ಪಾರ್ಟಿಶನ್.

ಅಂದ್ರೆ ಬ್ಯಾಕಪ್ ಅಂತ ಇಟ್ಟಿರೋ ಫೈಲ್‌ನಲ್ಲೂ ನಾನು ಟೈಪ್ ಮಾಡಿದ ಸಾಲೇ ಇದೆ. ಹಳೇ ಮೌಲ್ಯ ಈ ಸರ್ವರ್‌ನಲ್ಲಿ ಎಲ್ಲೂ ಉಳಿದಿಲ್ಲ.

ಕರ್ನಲ್‌ಕಿಟಕಿ
ಇದು ಮೊದಲ ಸಮಸ್ಯೆಗಿಂತ ದೊಡ್ಡದು ಸರ್. ಲೈವ್ ತಪ್ಪು ಡೇಟಾಬೇಸಿಗೆ ಬರೆದದ್ದು ತಕ್ಷಣ ಕಣ್ಣಿಗೆ ಬಿತ್ತು. ಬ್ಯಾಕಪ್ ಸದ್ದಿಲ್ಲದೆ ಬದಲಾದದ್ದು ಮರುಸ್ಥಾಪನೆ ಮಾಡೋ ದಿನದವರೆಗೂ ಗೊತ್ತಾಗ್ತಿರಲಿಲ್ಲ. ಹೊರಗೆ, ಬೇರೆ ಯಂತ್ರದಲ್ಲಿ ಪ್ರತಿ ಇದೆಯಾ? ಇದ್ರೆ ಇವತ್ತು ರಾತ್ರಿ ಅದರ ಮೇಲೆ ಹೊಸದು ಬರೆಯೋ ಮೊದಲು ಹಳೇದನ್ನ ಎತ್ತಿಡಿ.

ಹಳೇಸರ್ವರ್
ಬೇರೆ ಯಂತ್ರದಲ್ಲಿ ಕಳೆದ ವಾರದ ಟಾರ್ ಆರ್ಕೈವ್ ಇದೆ, ಅದರಲ್ಲಿ ಹಳೇ ಫೈಲ್ ಸಿಕ್ತು. ಸದ್ಯಕ್ಕೆ ಬದುಕಿದೆ.

ಈಗ ಯಾರು ಲಿಂಕ್ ಮಾಡಿದ್ದು ಅಂತ ಹುಡುಕ್ತಿದೀನಿ. ಟೆಸ್ಟ್ ಫೋಲ್ಡರನ್ನ ಲೈವ್‌ನಿಂದ 'ಸಿಪಿ -ಎ' ಮಾಡಿ ತಯಾರಿಸಿದ್ದು, ಅದು ಪ್ರತ್ಯೇಕ ಪ್ರತಿ ತಾನೇ?

ಟರ್ಮಿನಲ್‌ಪ್ರಿಯೆ
ಹೌದು. 'ಸಿಪಿ -ಎ' ಹೊಸ ಇನೋಡ್‌ಗಳನ್ನೇ ಮಾಡುತ್ತೆ. ಲಿಂಕ್ ಮಾಡೋದು 'ಸಿಪಿ -ಎಎಲ್', ಆ ಒಂದು ಅಕ್ಷರ ಬೇಕು. ಆಮೇಲೆ ಯಾವುದೋ ಕೆಲಸ ಬಂದು ಎರಡನ್ನೂ ಕೂಡಿಸಿದೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ಕ್ರಾನ್ ನೋಡಿ, ಸಿಸ್ಟಂಡಿ ಟೈಮರ್‌ಗಳನ್ನೂ ನೋಡಿ. ಹುಡುಕಬೇಕಾದದ್ದು ಒಂದೇ ಥರದ ಫೈಲುಗಳನ್ನ ಪತ್ತೆಹಚ್ಚಿ ಕೂಡಿಸೋ ಕಮಾಂಡ್‌ಗಳ ಹೆಸರು: ಆರ್‌ಡಿಫೈಂಡ್, ಜೆಡೂಪ್ಸ್, ಆರ್‌ಎಂಲಿಂಟ್, ಇಲ್ಲಾ ನೇರವಾಗಿ 'ಹಾರ್ಡ್‌ಲಿಂಕ್' ಅನ್ನೋ ಕಮಾಂಡ್, ಅದು ಯುಟಿಲ್-ಲಿನಕ್ಸ್ ಜೊತೆಗೇ ಬರುತ್ತೆ.

ನೋಡ್‌ನಿವಾಸಿ
ಮಧ್ಯೆ ಬಾಯಿ ಹಾಕ್ತೀನಿ, ಜಾವಾಸ್ಕ್ರಿಪ್ಟ್ ಕಡೆಯವರಿಗೂ ಇದು ಬೇಕಾದ ವಿಷಯ. ಪಿಎನ್‌ಪಿಎಂ ಅನ್ನೋ ಪ್ಯಾಕೇಜ್ ಮ್ಯಾನೇಜರ್ ಬಳಸೋರು ಗಮನಿಸಿ: ಅದು ಪ್ಯಾಕೇಜ್‌ಗಳನ್ನ ಒಂದು ಕಡೆ ಸಂಗ್ರಹಿಸಿಟ್ಟು, ಪ್ರತಿ ಪ್ರಾಜೆಕ್ಟಿನ ನೋಡ್-ಮಾಡ್ಯೂಲ್ಸ್‌ಗೆ ಅಲ್ಲಿಂದ ತರುತ್ತೆ. ರೀಫ್‌ಲಿಂಕ್ (ಡಿಸ್ಕಿನ ಬ್ಲಾಕ್ ಮಾತ್ರ ಹಂಚಿಕೊಳ್ಳೋ ಪ್ರತಿ) ಸಾಧ್ಯ ಇಲ್ಲದ ಫೈಲ್ ಸಿಸ್ಟಂನಲ್ಲಿ ಹಾರ್ಡ್‌ಲಿಂಕ್ ಮಾಡುತ್ತೆ. ನಾನು ಡೀಬಗ್ ಮಾಡೋಕೆ ಅಂತ ಒಂದು ಲೈಬ್ರರಿಯೊಳಗೆ ಒಂದು ಪ್ರಿಂಟ್ ಸಾಲು ಹಾಕಿದ್ದೆ, ಅದು ಸಂಬಂಧವೇ ಇಲ್ಲದ ಇನ್ನೊಂದು ಪ್ರಾಜೆಕ್ಟಿನ ಔಟ್‌ಪುಟ್‌ನಲ್ಲಿ ಕಾಣಿಸಿಕೊಳ್ತು. ವಿನ್ಯಾಸವೇ ಹಾಗೆ, ಅಲ್ಲಿನ ಫೈಲುಗಳನ್ನ ಕೈಯಿಂದ ತಿದ್ದಬಾರದು ಅನ್ನೋ ಲೆಕ್ಕ. ತಿದ್ದಲೇಬೇಕಿದ್ರೆ ಅದರ ಪ್ಯಾಚ್ ಕಮಾಂಡ್ ಬಳಸಿ.

ಕರ್ನಲ್‌ಕಿಟಕಿ
ಗಿಟ್ ಕೂಡ ಅದನ್ನೇ ಮಾಡುತ್ತೆ. ಅದೇ ಡಿಸ್ಕಿನ ದಾರಿ ಕೊಟ್ಟು ಕ್ಲೋನ್ ಮಾಡಿದ್ರೆ ಆಬ್ಜೆಕ್ಟ್ ಫೈಲುಗಳು ಹಾರ್ಡ್‌ಲಿಂಕ್ ಆಗ್ತವೆ. ಅಲ್ಲಿ ತೊಂದರೆ ಇಲ್ಲ, ಯಾಕಂದ್ರೆ ಗಿಟ್ ಆಬ್ಜೆಕ್ಟನ್ನ ಒಮ್ಮೆ ಬರೆದ ಮೇಲೆ ಒಳಗೆ ಕೈ ಹಾಕೋದೇ ಇಲ್ಲ. ಬೇಡ ಅನ್ನೋರಿಗೆ 'ನೋ-ಹಾರ್ಡ್‌ಲಿಂಕ್ಸ್' ಆಯ್ಕೆ ಇದೆ.

ಹಳೇಸರ್ವರ್
ಸಿಕ್ತು. ವಾರಕ್ಕೊಮ್ಮೆ ಓಡೋ ಕ್ರಾನ್ ಸ್ಕ್ರಿಪ್ಟ್. ಇಡೀ ಡೇಟಾ ಪಾರ್ಟಿಶನ್ ಮೇಲೆ 'ಹಾರ್ಡ್‌ಲಿಂಕ್ -ಟಿ' ಕೊಟ್ಟಿದ್ದಾರೆ. ಮೇಲೆ ಒಂದೇ ಸಾಲಿನ ಕಾಮೆಂಟ್: ಜಾಗ ಉಳಿಸಲು. ಹಿಂದೆ ನೋಡಿಕೊಳ್ತಿದ್ದವರು ಹಾಕಿದ್ದು. ಟೆಸ್ಟ್ ಫೋಲ್ಡರ್ ಮಾಡಿದ್ದು ಶುಕ್ರವಾರ, ಸ್ಕ್ರಿಪ್ಟ್ ಓಡಿದ್ದು ಭಾನುವಾರ. ಆ ಎರಡು ದಿನ ಫೈಲುಗಳು ಅಕ್ಷರಶಃ ಒಂದೇ ಥರ ಇದ್ದವಲ್ಲ, ಕೂಡಿಸಿಬಿಟ್ಟಿದೆ.

ಟರ್ಮಿನಲ್‌ಪ್ರಿಯೆ
ಆ '-ಟಿ' ನೋಡಿ. ಅದಿಲ್ಲದಿದ್ರೆ ಒಡಲು, ಮಾಲೀಕ, ಅನುಮತಿ ಜೊತೆಗೆ ಬದಲಾವಣೆಯ ಸಮಯವೂ ಹೊಂದಿದ್ರೆ ಮಾತ್ರ ಕೂಡಿಸುತ್ತೆ. '-ಟಿ' ಕೊಟ್ರೆ ಸಮಯ ನೋಡೋದಿಲ್ಲ. ಹಾಗಂತ ಅದನ್ನ ತೆಗೆದ್ರೆ ಸಾಕು ಅಂದುಕೊಳ್ಳಬೇಡಿ, 'ಸಿಪಿ -ಎ' ಸಮಯವನ್ನೂ ಹಾಗೇ ನಕಲು ಮಾಡುತ್ತೆ, ನಿಮ್ಮ ವಿಷಯದಲ್ಲಿ ಅದಿಲ್ಲದೆಯೂ ಕೂಡಿಕೊಳ್ತಿತ್ತು. ಸ್ಕ್ರಿಪ್ಟ್ ಇವತ್ತೇ ನಿಲ್ಲಿಸಿ.

ರೂಟ್‌ಬೇರು
ಹಾರ್ಡ್‌ಲಿಂಕ್ ಡೀಡೂಪ್, ಅಂದ್ರೆ ಹೀಗೆ ನಕಲುಗಳನ್ನ ಕೂಡಿಸೋದನ್ನೇ, ಸರ್ವರ್‌ನಿಂದ ಹೊರಗೆ ಹಾಕಬೇಕು. ಯಾವ ಕಾರಣಕ್ಕೂ ಮಾಡಬಾರದು.

ಡಿಸ್ಕ್‌ದೋಸ್ತ್
@ರೂಟ್‌ಬೇರು ಅದು ಅತಿಯಾಯ್ತು. ಯಾರೂ ತಿದ್ದದ ಆರ್ಕೈವ್ ಇದ್ರೆ, ಉದಾಹರಣೆಗೆ ಹಳೇ ಐಎಸ್‌ಓ, ಪ್ಯಾಕೇಜ್ ಮಿರರ್, ಅಲ್ಲಿ ಹಾರ್ಡ್‌ಲಿಂಕ್ ಒಳ್ಳೇ ಉಪಾಯ. ಫೋಲ್ಡರ್ ನಕಲು ಮಾಡೋ ಆರ್‌ಸಿಂಕ್‌ನ 'ಲಿಂಕ್-ಡೆಸ್ಟ್' ಆಯ್ಕೆ ನೋಡಿ, ದಿನಕ್ಕೊಂದು ಪೂರ್ತಿ ಬ್ಯಾಕಪ್ ಫೋಲ್ಡರ್ ಕಾಣುತ್ತೆ, ಬದಲಾಗದ ಫೈಲುಗಳೆಲ್ಲ ನಿನ್ನೆಯ ಫೈಲಿಗೆ ಹಾರ್ಡ್‌ಲಿಂಕ್. ಆರ್‌ಎಸ್‌ನ್ಯಾಪ್‌ಶಾಟ್ ಅನ್ನೋ ಬ್ಯಾಕಪ್ ಪ್ರೋಗ್ರಾಂ ನಿಂತಿರೋದೇ ಈ ತಂತ್ರದ ಮೇಲೆ. ಆರ್‌ಸಿಂಕ್ ಬದಲಾದ ಫೈಲನ್ನ ಹೊಸದಾಗಿ ಬರೆದು ಹೆಸರು ಕೊಡೋದ್ರಿಂದ ನಿನ್ನೆಯದು ಕೆಡಲ್ಲ.

ರೂಟ್‌ಬೇರು
ಯಾರೋ ಒಬ್ಬರು ಜೊತೆಗೆ ಇರೋ ಫೈಲಿನೊಳಗೇ ಬರೆಯೋ 'ಇನ್‌ಪ್ಲೇಸ್' ಆಯ್ಕೆ ಸೇರಿಸೋವರೆಗೆ! ಎಂದೋ ಒಂದಿನ ಬ್ಯಾಕಪ್ ಫೋಲ್ಡರಿಗೆ ಹೋಗಿ ಒಂದು ಫೈಲ್ ತಿದ್ದಿದ್ರೂ ಸಾಕು, ಅಷ್ಟೂ ದಿನದ ಪ್ರತಿ ಒಟ್ಟಿಗೆ ಬದಲಾಗುತ್ತೆ. 'ಸಿಎಚ್‌ಮಾಡ್'ನಿಂದ ಅನುಮತಿ ಬದಲಿಸಿದ್ರೂ ಅಷ್ಟೇ. ಮೂವತ್ತು ದಿನದ ಬ್ಯಾಕಪ್ ಇದೆ ಅಂತ ನಂಬಿರ್ತೀರಿ, ಇರೋದು ಒಂದೇ ಒಡಲು. ಡಿಸ್ಕಿನ ಆ ಒಂದು ಜಾಗ ಕೆಟ್ರೆ ಮೂವತ್ತೂ ಹೋಯ್ತು.

ಡಿಸ್ಕ್‌ದೋಸ್ತ್
ಒಡಲು ಒಂದೇ ಅನ್ನೋ ಮಾತು ಒಪ್ತೀನಿ. ಅದಕ್ಕೇ ಅಂಥ ಬ್ಯಾಕಪ್ ಬೇರೆ ಯಂತ್ರದಲ್ಲಿರಬೇಕು, ಓದೋಕೆ ಮಾತ್ರ ಮೌಂಟ್ ಆಗಿರಬೇಕು. ಈ ಸರ್ವರ್‌ನಲ್ಲಿ ತಪ್ಪಾಗಿರೋದು ಲೈವ್, ಟೆಸ್ಟ್, ಬ್ಯಾಕಪ್ ಮೂರನ್ನೂ ಒಂದೇ ಬಲೆಗೆ ಹಾಕಿದ್ದು.

ಮೊದಲಪಾಠ
ನನಗೂ ಇದೇ ಥರ ಒಂದಿದೆ, ಆದ್ರೆ ಹೊಂದಿಕೆ ಆಗ್ತಿಲ್ಲ. ಎರಡು ಫೋಲ್ಡರ್‌ನಲ್ಲಿ ಎಲ್ಲ ಫೈಲೂ ಒಂದೇ, ಒಂದರಲ್ಲಿ ಹೊಸ ಫೈಲ್ ಮಾಡಿದ್ರೆ ಇನ್ನೊಂದರಲ್ಲೂ ಬರುತ್ತೆ. ಇನೋಡ್ ಒಂದೇ ಇದೆ. ಆದ್ರೆ ಲಿಂಕ್ಸ್ 1 ಅಂತಿದೆ!

ಕರ್ನಲ್‌ಕಿಟಕಿ
ಇನೋಡ್ ಒಂದೇ, ಲಿಂಕ್ಸ್ 1, ಹೊಸ ಫೈಲೂ ಎರಡು ಕಡೆ ಹುಟ್ಟುತ್ತೆ ಅಂದ್ರೆ ಫೈಲಿಗೆ ಇರೋದು ಒಂದೇ ಹೆಸರು, ಅಲ್ಲಿಗೆ ಹೋಗೋ ದಾರಿ ಎರಡು. ಎರಡು ಸಾಧ್ಯತೆ: ದಾರಿಯಲ್ಲಿ ಎಲ್ಲೋ ಮೇಲಿನ ಫೋಲ್ಡರೇ ಸಿಮ್‌ಲಿಂಕ್, ಇಲ್ಲಾ ಬೈಂಡ್ ಮೌಂಟ್, ಅಂದ್ರೆ ಒಂದೇ ಫೋಲ್ಡರನ್ನ ಇನ್ನೊಂದು ಜಾಗದಲ್ಲೂ ಕಾಣಿಸೋದು. 'ನೇಮೈ -ಎಲ್ <ಪೂರ್ತಿ ದಾರಿ>' ಕೊಟ್ರೆ ದಾರಿಯ ಪ್ರತಿ ಹೆಜ್ಜೆ ಒಂದೊಂದು ಸಾಲಲ್ಲಿ ಬರುತ್ತೆ, ಸಿಮ್‌ಲಿಂಕ್ ಇದ್ರೆ ಎದ್ದು ಕಾಣುತ್ತೆ. ಅಲ್ಲಿ ಇಲ್ಲದಿದ್ರೆ 'ಫೈಂಡ್‌ಮೌಂಟ್' ಅಂತ ಓದೋ ಎಫ್-ಐ-ಎನ್-ಡಿ-ಎಂ-ಎನ್-ಟಿ ಕಮಾಂಡ್ ಕೊಡಿ, ಬೈಂಡ್ ಆಗಿದ್ರೆ ಮೂಲದ ಕಾಲಂನಲ್ಲಿ ಡಿವೈಸ್ ಹೆಸರಿನ ಮುಂದೆ ಚೌಕ ಆವರಣದೊಳಗೆ ಫೋಲ್ಡರ್ ದಾರಿ ಇರುತ್ತೆ.

ಮೊದಲಪಾಠ
ಬೈಂಡ್ ಮೌಂಟೇ! ಏನೇನು ಮೌಂಟ್ ಆಗಬೇಕು ಅಂತ ಬರೆದಿಡೋ ಎಫ್‌ಸ್ಟ್ಯಾಬ್ ಫೈಲ್‌ನಲ್ಲಿ ಒಂದು ಸಾಲು ಇದೆ. ನಾನು ಒಂದನ್ನ ನಕಲಿ ಅಂತ ಅಳಿಸೋಕೆ ಹೊರಟಿದ್ದೆ.

ಕರ್ನಲ್‌ಕಿಟಕಿ
ಅಳಿಸಬೇಡಿ! ಅಳಿಸಿದ್ರೆ ಎರಡೂ ಕಡೆ ಹೋಗುತ್ತೆ, ಅಲ್ಲಿ ಇನ್ನೊಂದು ಪ್ರತಿ ಇಲ್ಲವೇ ಇಲ್ಲ. ಬೇಡವಾಗಿದ್ರೆ 'ಯುಮೌಂಟ್' ಮಾಡಿ ಎಫ್‌ಸ್ಟ್ಯಾಬ್ ಸಾಲು ತೆಗೆಯಿರಿ.

ಸಾಲುಸಾಲು
ವಿಷಯ ಸ್ವಲ್ಪ ಬೇರೆ. ನನ್ನ ಸಿ ಪ್ರೋಗ್ರಾಂ ಔಟ್‌ಪುಟ್ ಟರ್ಮಿನಲ್‌ನಲ್ಲಿ ಸರಿಯಾಗಿದೆ, ಫೈಲಿಗೆ ತಿರುಗಿಸಿದ್ರೆ ಮೊದಲ ಸಾಲುಗಳು ಎರಡೆರಡು ಸಲ ಬೀಳ್ತವೆ. ಇದೂ ಫೈಲ್ ಸಿಸ್ಟಂ ತೊಂದರೆನಾ?

ಟರ್ಮಿನಲ್‌ಪ್ರಿಯೆ
ಪ್ರೋಗ್ರಾಂನಲ್ಲಿ 'ಫೋರ್ಕ್', ಅಂದ್ರೆ ಓಡ್ತಿರೋ ಪ್ರೋಸೆಸ್‌ನ ಪ್ರತಿ ಹುಟ್ಟಿಸೋ ಕರೆ ಇದೆಯಾ? ಟರ್ಮಿನಲ್‌ಗಾದ್ರೆ ಸಾಲು ಮುಗಿದ ಕೂಡಲೇ ಬಫರ್ ಖಾಲಿ ಆಗುತ್ತೆ. ಫೈಲಿಗಾದ್ರೆ ಬಫರ್ ತುಂಬೋವರೆಗೂ ಕಾಯುತ್ತೆ. ಆ ಹೊತ್ತಿಗೆ ಫೋರ್ಕ್ ಆದ್ರೆ ತುಂಬಿದ ಬಫರ್ ಸಮೇತ ಮಗು ಪ್ರೋಸೆಸ್ ಹುಟ್ಟುತ್ತೆ, ಮುಗಿಯುವಾಗ ಇಬ್ಬರೂ ಬರೀತಾರೆ. ಫೋರ್ಕ್‌ಗೆ ಮುಂಚೆ 'ಎಫ್‌ಫ್ಲಶ್' ಮಾಡಿ.

ಸಾಲುಸಾಲು
ಫೋರ್ಕ್ ಇದೆ. ಫ್ಲಶ್ ಹಾಕಿದ ಮೇಲೆ ಸರಿಹೋಯ್ತು 🙏

ಡಿಸ್ಕ್‌ದೋಸ್ತ್
ಬಿಟ್‌ಬೈಟ್ ಮೊದಲು ಹೇಳಿದ ಸಾಧ್ಯತೆಯನ್ನ ಪೂರ್ತಿ ತಳ್ಳಿಹಾಕಬೇಡಿ, ಅದೂ ನಿಜವಾಗಿ ಆಗುತ್ತೆ. ಅದರ ಚಹರೆ ಬೇರೆ. ಇನೋಡ್‌ಗಳು ಬೇರೆ ಬೇರೆ, ಲಿಂಕ್ಸ್ 1, ಗಾತ್ರವೂ ಬೇರೆ ಇರಬಹುದು, ಆದ್ರೆ ಒಂದು ಫೈಲಿನ ನಡುವೆ ಇನ್ನೊಂದು ಫೈಲಿನ ತುಣುಕು. 'ಫೈಲ್‌ಫ್ರ್ಯಾಗ್ -ವಿ' ಎರಡಕ್ಕೂ ಕೊಟ್ಟು ಭೌತಿಕ ಬ್ಲಾಕ್ ಸಂಖ್ಯೆಗಳನ್ನ ಹೋಲಿಸಿ. ಇಎಕ್ಸ್‌ಟಿ4‌ನಲ್ಲಿ ಎರಡು ಸಾಮಾನ್ಯ ಫೈಲುಗಳಿಗೆ ಒಂದೇ ಭೌತಿಕ ಬ್ಲಾಕ್ ಬಂದ್ರೆ ಅದು ಕೆಡುಕೇ. ಎಫ್‌ಎಸ್‌ಸಿಕೆ ಭಾಷೆಯಲ್ಲಿ 'ಮಲ್ಟಿಪ್ಲೈ-ಕ್ಲೇಮ್ಡ್ ಬ್ಲಾಕ್ಸ್', ಪಾಸ್ 1ಬಿ ಅಂತ ಶುರುವಾದ್ರೆ ಇದೇ.

ನಾನು ಇದನ್ನ ಹತ್ತಿರದಿಂದ ನೋಡಿದ್ದೀನಿ. ಒಂದೇ ವರ್ಚುವಲ್ ಡಿಸ್ಕನ್ನ ಎರಡು ವರ್ಚುವಲ್ ಯಂತ್ರಕ್ಕೆ ಜೋಡಿಸಿ, ಎರಡರಲ್ಲೂ ಬರೆಯೋಕೆ ಮೌಂಟ್ ಮಾಡಿದ್ರು. ಯಾವ ಬ್ಲಾಕ್ ಖಾಲಿ ಅನ್ನೋ ಲೆಕ್ಕವನ್ನ ಎರಡೂ ಕರ್ನಲ್ ತಮ್ಮ ತಮ್ಮ ಮೆಮೊರಿಯಲ್ಲೇ ಇಟ್ಟುಕೊಂಡಿರ್ತವೆ, ಒಂದಕ್ಕೆ ಇನ್ನೊಂದು ಇದೆ ಅನ್ನೋದೇ ಗೊತ್ತಿಲ್ಲ. ಇಬ್ಬರೂ ಅದೇ ಬ್ಲಾಕನ್ನ ಬೇರೆ ಬೇರೆ ಫೈಲಿಗೆ ಹಂಚಿದ್ರು. ಒಂದು ಲಾಗ್ ಫೈಲ್ ತೆರೆದ್ರೆ ಅರ್ಧಕ್ಕೆ ಚಿತ್ರದ ಬೈಟುಗಳು ಶುರು!

ಹಾಗಾದಾಗ ಮೊದಲು ಎಲ್ಲ ಕಡೆ ಅನ್‌ಮೌಂಟ್, ಆಮೇಲೆ ಇಡೀ ಡಿಸ್ಕಿನ ಇಮೇಜ್, ಆಮೇಲೆ 'ಇ2ಎಫ್‌ಎಸ್‌ಸಿಕೆ -ಎನ್' ಹಾಕಿ ಬರೀ ವರದಿ. ರಿಪೇರಿ ಕೊನೆಗೆ. ಅದು ಹಂಚಿಕೊಂಡ ಬ್ಲಾಕನ್ನ ಎರಡು ಪ್ರತಿ ಮಾಡಿ ಇಬ್ಬರಿಗೂ ಕೊಡುತ್ತೆ. ಒಬ್ಬರದು ಮಾತ್ರ ಸರಿಯಾದ ಡೇಟಾ, ಇನ್ನೊಬ್ಬರದು ಕಸ. ಯಾವುದು ಯಾವುದು ಅಂತ ನಾವೇ ನೋಡಬೇಕು.

ಬಿಟ್‌ಬೈಟ್
ಎರಡು ಯಂತ್ರದಿಂದ ಮೌಂಟ್ ಆಗದ ಹಾಗೆ ತಡೆಯೋಕೆ ಆಗಲ್ವಾ?

ಡಿಸ್ಕ್‌ದೋಸ್ತ್
ಇಎಕ್ಸ್‌ಟಿ4‌ನಲ್ಲಿ ಎಂಎಂಪಿ ಅನ್ನೋ ಫೀಚರ್ ಇದೆ, ಅನ್‌ಮೌಂಟ್ ಮಾಡಿ 'ಟ್ಯೂನ್2ಎಫ್‌ಎಸ್ -ಓ ಎಂಎಂಪಿ' ಕೊಡಿ, ದೊಡ್ಡಕ್ಷರದ ಓ. ಮೌಂಟ್ ಆದ ಕರ್ನಲ್ ಒಂದು ಬ್ಲಾಕಿಗೆ ಆಗಾಗ ಗುರುತು ಬರೀತಿರುತ್ತೆ, ಇನ್ನೊಂದು ಯಂತ್ರ ಅದನ್ನ ನೋಡಿ ಮೌಂಟ್ ನಿರಾಕರಿಸುತ್ತೆ. ನಿಜವಾಗಿ ಎರಡು ಕಡೆಯಿಂದ ಬರೆಯಬೇಕಿದ್ರೆ ಜಿಎಫ್‌ಎಸ್2, ಒಸಿಎಫ್‌ಎಸ್2 ಥರದ ಕ್ಲಸ್ಟರ್ ಫೈಲ್ ಸಿಸ್ಟಂ ಬೇಕು, ಇಲ್ಲಾ ಎನ್‌ಎಫ್‌ಎಸ್.

ಅಕ್ಷರಪ್ರೇಮಿ
ಒಂದು ಪ್ರಶ್ನೆ, ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಹೇಗೆ ಸಾಧ್ಯ? ಕನ್ನಡದಲ್ಲಿ 'ಕೊನೆ' ಅಂತ ಹೆಸರಿಟ್ಟಿದ್ದೆ, ಈಗ ಎರಡು 'ಕೊನೆ' ಕಾಣ್ತಿದೆ.

ಕರ್ನಲ್‌ಕಿಟಕಿ
ಕಣ್ಣಿಗೆ ಒಂದೇ, ಬೈಟುಗಳಲ್ಲಿ ಬೇರೆ. ಯೂನಿಕೋಡ್‌ನಲ್ಲಿ 'ಕೊ'ದ ಸ್ವರಚಿಹ್ನೆಯನ್ನ ಒಂದೇ ಕೋಡ್ ಆಗಿ ಬರೆಯಬಹುದು, ಎ ಚಿಹ್ನೆ ಮತ್ತು ಊ ಚಿಹ್ನೆ ಜೋಡಿಸಿ ಎರಡು ಕೋಡ್ ಆಗಿಯೂ ಬರೆಯಬಹುದು. ಸಾಮಾನ್ಯ ಇಎಕ್ಸ್‌ಟಿ4‌ಗೆ ಹೆಸರು ಅಂದ್ರೆ ಬೈಟುಗಳ ಸಾಲು ಅಷ್ಟೇ, ಹಾಗಾಗಿ ಎರಡು ಹೆಸರು. 'ಎಲ್‌ಎಸ್ | ಹೆಕ್ಸ್‌ಡಂಪ್ -ಸಿ' ಕೊಡಿ, ವ್ಯತ್ಯಾಸ ಕಾಣುತ್ತೆ.

ಹಳೇಸರ್ವರ್
ನನ್ನ ವಿಷಯಕ್ಕೆ ಬರ್ತೀನಿ. ಸ್ಕ್ರಿಪ್ಟ್ ನಿಲ್ಲಿಸಿದೆ. ಲಿಂಕ್ ಬಿಡಿಸೋಕೆ ಲೈವ್‌ನ ಫೈಲನ್ನ ಟೆಸ್ಟ್‌ನದರ ಮೇಲೆ 'ಸಿಪಿ' ಮಾಡಿದ್ರೆ 'ಎರಡೂ ಒಂದೇ ಫೈಲ್' ಅಂತ ಹೇಳಿ ನಿಲ್ಲುತ್ತೆ. ಸರಿಯಾದ ದಾರಿ ಯಾವುದು?

ಟರ್ಮಿನಲ್‌ಪ್ರಿಯೆ
ಪಕ್ಕದಲ್ಲಿ ಬೇರೆ ಹೆಸರಿಗೆ ಪ್ರತಿ ಮಾಡಿ, ಆಮೇಲೆ ಅದನ್ನ ಹಳೇ ಹೆಸರಿಗೆ ಸರಿಸಿ:

ಸಿಪಿ -ಎ ಸೆಟ್ಟಿಂಗ್ಸ್.ಕಾನ್ಫ್ ಸೆಟ್ಟಿಂಗ್ಸ್.ಹೊಸ
ಎಂವಿ ಸೆಟ್ಟಿಂಗ್ಸ್.ಹೊಸ ಸೆಟ್ಟಿಂಗ್ಸ್.ಕಾನ್ಫ್

ಒಂದೇ ಪಾರ್ಟಿಶನ್ ಒಳಗಿನ 'ಎಂವಿ' ಒಂದೇ ಏಟಿಗೆ ಆಗುತ್ತೆ, ಓಡ್ತಿರೋ ಪ್ರೋಗ್ರಾಮಿಗೆ ಅರ್ಧ ಬರೆದ ಫೈಲ್ ಕಾಣೋದಿಲ್ಲ. ಆದ್ರೆ ಹಳೇ ಫೈಲ್ ತೆರೆದಿಟ್ಟುಕೊಂಡಿರೋ ಪ್ರೋಗ್ರಾಂ ಹಳೇ ಇನೋಡನ್ನೇ ಹಿಡಿದಿರುತ್ತೆ, ರೀಲೋಡ್ ಮಾಡಿ. ಇನ್ನೂ ಎಷ್ಟು ಫೈಲ್ ಹೀಗಿವೆ ಅಂತ ನೋಡೋಕೆ 'ಫೈಂಡ್ <ಫೋಲ್ಡರ್> -ಎಕ್ಸ್‌ಡೆವ್ -ಟೈಪ್ ಎಫ್ -ಲಿಂಕ್ಸ್ +1' ಕೊಡಿ.

ಹಳೇಸರ್ವರ್
ಕೊಟ್ಟೆ, ಪರದೆ ತುಂಬಾ ಬಂತು. ಲೈವ್ ಮತ್ತು ಟೆಸ್ಟ್ ಎರಡನ್ನೂ ಬಿಡಿಸ್ತಿದೀನಿ. ಜಾಗ ಉಳಿಸಲೇಬೇಕು ಅಂದ್ರೆ ಬೇರೆ ದಾರಿ ಏನಿದೆ?

ಕರ್ನಲ್‌ಕಿಟಕಿ
ರೀಫ್‌ಲಿಂಕ್. ಎಕ್ಸ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಬೇಕು, ಇಎಕ್ಸ್‌ಟಿ4‌ನಲ್ಲಿ ಇಲ್ಲ. ಅಲ್ಲಿ ಇನೋಡ್ ಬೇರೆ ಬೇರೆ, ಡಿಸ್ಕಿನ ಬ್ಲಾಕ್ ಮಾತ್ರ ಹಂಚಿಕೆ. ಒಂದನ್ನ ತಿದ್ದಿದ ಕೂಡಲೇ ಆ ಭಾಗಕ್ಕೆ ಹೊಸ ಬ್ಲಾಕ್ ಸಿಗುತ್ತೆ, ಇನ್ನೊಂದು ಹಾಗೇ ಉಳಿಯುತ್ತೆ. 2021ರ ಕೋರ್‌ಯುಟಿಲ್ಸ್ 9.0 ಇಂದ 'ಸಿಪಿ' ತಾನಾಗೇ ಇದಕ್ಕೆ ಪ್ರಯತ್ನಿಸುತ್ತೆ. ಈಗಾಗ್ಲೇ ಇರೋ ನಕಲುಗಳಿಗೆ ಡೂಪ್‌ರಿಮೂವ್ ಇದೆ, ಕೂಡಿಸೋ ಮೊದಲು ಕರ್ನಲ್ಲೇ ಎರಡೂ ಕಡೆಯ ಬೈಟುಗಳು ಒಂದೇನಾ ಅಂತ ಪರೀಕ್ಷಿಸುತ್ತೆ. ಅಲ್ಲಿ 'ಫೈಲ್‌ಫ್ರ್ಯಾಗ್'ನಲ್ಲಿ 'ಶೇರ್ಡ್' ಅಂತ ಬಂದ್ರೆ ಗಾಬರಿ ಬೇಡ, ಅದು ಸಹಜ.

ರೂಟ್‌ಬೇರು
@ಹಳೇಸರ್ವರ್ ಆ ಟಾರ್ ಆರ್ಕೈವ್ ಬಗ್ಗೆ ಒಂದು ಮಾತು. ಟಾರ್ ಹಾರ್ಡ್‌ಲಿಂಕನ್ನ ಹಾರ್ಡ್‌ಲಿಂಕ್ ಆಗೇ ಬರೆದಿಡುತ್ತೆ. ಲಿಂಕ್ ಇದ್ದಾಗ ಮಾಡಿದ ಆರ್ಕೈವನ್ನ ಮುಂದೆ ಪೂರ್ತಿ ಬಿಚ್ಚಿದ್ರೆ ಅವೇ ಲಿಂಕುಗಳು ವಾಪಸ್ ಹುಟ್ಟುತ್ತವೆ. ಬಿಡಿಸೋ ಕೆಲಸ ಮುಗಿದ ಮೇಲೆ ಹೊಸ ಆರ್ಕೈವ್ ಮಾಡಿ, ಜೊತೆಗೆ ಲಿಂಕಿನ ಬದಲು ಒಡಲನ್ನೇ ಬರೆಯೋ 'ಹಾರ್ಡ್-ಡಿರೆಫರೆನ್ಸ್' ಆಯ್ಕೆ ಕೊಟ್ರೆ ಇನ್ನೂ ಒಳ್ಳೇದು.

ಹಳೇಸರ್ವರ್
ಇದು ನನಗೆ ಹೊಳೆದೇ ಇರಲಿಲ್ಲ. ಹಳೇ ಆರ್ಕೈವ್‌ಗಳ ಪಕ್ಕ ಒಂದು ಟಿಪ್ಪಣಿ ಫೈಲ್ ಇಟ್ಟಿದೀನಿ, ಖಾಲಿ ಫೋಲ್ಡರಿಗೆ ಬಿಚ್ಚಿ ಬೇಕಾದ ಫೈಲ್ ಮಾತ್ರ 'ಸಿಪಿ' ಮಾಡಿಕೊಳ್ಳಿ ಅಂತ. ಹೊಸದು ಈಗ ಓಡ್ತಿದೆ.